ಬರ್ಲಿ ಬರ್ಲಿ, ಹೋಲ್ಡಾನ್

ಹೋದ ಶನಿವಾರ ನಮ್ಮ ಬಡಾವಣೆ ಹೆಂಡರ್ಸನ್ನಿನ ಪೆಟ್ರೋಲ್ ಬಂಕಿನಲ್ಲಿ ಕಾರು ಗುಡಿಸುತ್ತಿದ್ದೆ. ನಾನು ಕಾರು ಗುಡಿಸುವುದು ವರ್ಷಕ್ಕೆ ಎರಡೇ ಸಲ. ಗಾಡಿ ರಸ್ತೆಗೆ ಯೋಗ್ಯವೆಂದು ಚೀಟಿ ಕೊಡುವ ವಾರಂಟ್ ತಪಾಸಣೆಗೆ ಹೋಗುವ ಮುಂಚೆ ಒಮ್ಮೆ, ಯಾವುದಾದರೂ ಹುಡುಗಿ ‘ಡ್ರಾಪ್ ಕೊಡ್ತೀಯಾ’ ಎಂದಾಗ ಒಮ್ಮೆ. ಇದು ತಪಾಸಣೆಯ ಸಲ; ಇನ್ನೊಂದಕ್ಕೆ ಕಾರೂ ನಾನೂ ಕಾಯುತ್ತಲೇ ಇದ್ದೇವೆ. ಬಂಕಿನ ಮೂಲೆಯ ದೊಡ್ಡ ವ್ಯಾಕ್ಯೂಮ್ ಯಂತ್ರದ ಮೂತಿಯನ್ನು ಗೇರಿನ ಪಕ್ಕದ, ಕಾಫಿ ಲೋಟ ಇಡುವ ಗುಳಿಗೆ ಒತ್ತಿದೆ. ಬಿಸ್ಕತ್ತಿನ ಪುಡಿ ಹೋಯಿತು, ಕೂದಲು ಹೋಯಿತು, ಅಂಗಿಯ ಗುಂಡಿಯೊಂದು ಹೋಯಿತು. ಆಮೇಲೆ ಪೈಪಿನುದ್ದಕ್ಕೂ ಕಟಕಟ ಎಂದು ಏನೋ ತೂಕದ್ದು ಓಡಿ, ಯಂತ್ರದ ಹೊಟ್ಟೆಯೊಳಗೆ ಠಣ್ ಎಂದು ಬಿತ್ತು.

ಐದು ರೂಪಾಯಿಯ ನಾಣ್ಯ.

ನಗುವುದಾದರೆ ನಗಿ. ಈ ಊರಿನ ಯಾವ ಅಂಗಡಿಯಲ್ಲೂ ಅದಕ್ಕೆ ಒಂದು ಲಾಲಿಪಾಪಿನ ಕಡ್ಡಿಯೂ ಬರುವುದಿಲ್ಲ. ಆದರೂ ನಾನು ಯಂತ್ರವನ್ನು ಎರಡೂ ಕೈಯಿಂದ ಬಡಿಯುತ್ತಾ “ಸ್ಟಾಪ್! ಸ್ಟಾಪ್!” ಎಂದು ಕೂಗಿಕೊಂಡೆ. ಬಂಕಿನ ಒಳಗಿಂದ, ಅಲ್ಲಿ ಕೆಲಸ ಮಾಡುವ, ಬಾಗಿಲಷ್ಟೇ ಅಗಲದ, ದ್ವೀಪಮೂಲದ ಸಮೋವನ್ ಅಣ್ಣ ಹೊರಬಂದ.

“ಏನಾಯ್ತು ಬ್ರೋ? ಫೋನ್ ಹೋಯ್ತಾ?”

“ಕಾಯಿನ್.”

“ಟೂ ಡಾಲರ್?”

“ಅಲ್ಲ… ಬೇರೆ ದೇಶದ್ದು. ಇಲ್ಲಿನ ಲೆಕ್ಕಕ್ಕೆ ಹತ್ತು ಸೆಂಟೂ ಇಲ್ಲ.”

ಅವನು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ, ಹಾಸ್ಯ ಮಾಡಲಿಲ್ಲ. “ಬೀಗದ ಕೈ ಎಲ್ಲೋ ಇರ್ಬೇಕು, ಹುಡುಕ್ತೀನಿ” ಎಂದು ಒಳಗೆ ಹೋದ. ಅವನು ಹುಡುಕುತ್ತಿರಲಿ, ಅಷ್ಟರಲ್ಲಿ ನಿಮಗೆ ಆ ನಾಣ್ಯದ ಕಥೆ ಹೇಳಿಬಿಡುತ್ತೇನೆ.

ನನ್ನ ಕೆಲಸ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು. ಚಟ, ಕಂಡವರ ದನಿ ಕದಿಯುವುದು. ಯುಗಾದಿ ಊಟಕ್ಕೆ ಸೇರಿದಾಗ ಮೊದಲು ನನ್ನನ್ನೇ ಮೈಕಿನ ಮುಂದೆ ದೂಡುತ್ತಾರೆ. ಬಾಟನಿ ಡೌನ್ಸ್ ಬಡಾವಣೆಯಲ್ಲಿ ಮನೆ ಕೊಂಡ ಬೆಂಗಳೂರಿನ ಅಂಕಲ್ ಹೋಳಿಗೆಯ ನಡುವೆಯೂ ಬಡ್ಡಿದರ ಹೇಳುವುದು, ಮೈಸೂರಿನ ನಮ್ಮಮ್ಮ ವಿಡಿಯೋ ಕಾಲ್‌ನಲ್ಲಿ ಬರೀ ಹಣೆ ಮಾತ್ರ ತೋರಿಸುತ್ತಾ “ಕಾಣ್ತಿದ್ಯೇನೋ?” ಎನ್ನುವುದು, ನನ್ನ ಫ್ಲ್ಯಾಟ್‌ಮೇಟ್ ಪಾತ್ರೆ ತೊಳೆಯದಿರಲು ಕೊಡುವ ಕಾರಣಗಳು, ಎಲ್ಲವೂ ನನ್ನ ಬಳಿ ಇವೆ. ನನ್ನನ್ನೂ ಬಿಟ್ಟಿಲ್ಲ. ರೋಗಿಗಳ ಮುಂದೆ ನಾನು ಮೂಗಿನಲ್ಲಿ ಇಲ್ಲಿನವರ ಕೀವಿ ರಾಗ ಎಳೆದು “ಬ್ರೀದ್ ಇನ್… ಹೋಲ್ಡ್… ಲವ್ಲೀ” ಎನ್ನುತ್ತೇನಲ್ಲ, ಆ ಬಡಪಾಯಿಯನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಯಾರಿಗೂ ನೋವಾದದ್ದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ನೋವಾದವರು ಊಟ ಮಾಡಿ ಬೇಗ ಹೊರಟುಬಿಡುತ್ತಾರೆ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಆಸ್ಪತ್ರೆಯ ನರ್ಸ್ ರೇಣುಕಾ ಆಂಟಿ ಹುಬ್ಬಳ್ಳಿಯವರು. ಅವರ ಅಪ್ಪ ಈರಣ್ಣ ಅಜ್ಜ ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದಿದ್ದರು. ಇಡೀ ಆಯುಷ್ಯ ಹುಬ್ಬಳ್ಳಿಯಿಂದ ಅಂಕೋಲೆಗೆ, ಅಂಕೋಲೆಯಿಂದ ಹುಬ್ಬಳ್ಳಿಗೆ ಕೆಂಪು ಬಸ್ಸು ಓಡಿಸಿ ನಿವೃತ್ತರಾದವರು. ಬಂದ ಮೊದಲ ತಿಂಗಳು ಬಸ್ ಸ್ಟಾಪಿನಲ್ಲಿ ಕುಳಿತು ಇಲ್ಲಿನ ಡ್ರೈವರುಗಳಿಗೆ ಅಂಕ ಕೊಡುತ್ತಿದ್ದರಂತೆ. ಆಮೇಲೆ ಇದ್ದಕ್ಕಿದ್ದಂತೆ ಮಂಕಾಗಿ ಮನೆ ಹಿಡಿದರು. “ಎಲ್ಲಾದ್ರೂ ಕರ್ಕೊಂಡು ಹೋಗೋಣ ಅಂದ್ರ ನಿಮ್ಮಂಕಲ್ ಕೆಲ್ಸದ ಮ್ಯಾಲ ಕ್ರೈಸ್ಟ್‌ಚರ್ಚ್‌ಗೆ ಹೋಗ್ಯಾರ. ನನಗ ನೈಟ್ ಶಿಫ್ಟ್ ಮುಗ್ಸಿ ಹೈವೇದಾಗ ಡ್ರೈವ್ ಮಾಡಾಕ ಧೈರ್ಯ ಇಲ್ಲ. ನೀ ಬರ್ತೀಯೇನೋ?” ಎಂದು ಆಂಟಿ ಕೇಳಿದರು. ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬರುವುದಾಗಿಯೂ ಹೇಳಿದರು. ನಾನು ಧೈರ್ಯವಂತನಾದೆ.

ಹೀಗೆ ಇಲ್ಲಿನ ಚಳಿಗಾಲವಾದ ಜುಲೈ ತಿಂಗಳ ಒಂದು ಬೆಳಿಗ್ಗೆ, ಬೆರಳು ಸೆಟೆಯುವ ಚಳಿಯಲ್ಲಿ, ಬಿಸಿನೀರಿನ ಬುಗ್ಗೆಗಳ ಊರು ರೊಟೊರುವಾದ ಕಡೆಗೆ ಹೊರಟೆವು. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಬರುವುದು. ಹಿಂದಿನ ಸೀಟಿನಲ್ಲಿ ಆಂಟಿ ಮತ್ತು ಒಂಬತ್ತು ವರ್ಷದ ಮಗಳು ಅದಿತಿ. ಮುಂದೆ ನನ್ನ ಪಕ್ಕ ಅಜ್ಜ. ಡ್ರೈವರಾಗಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂದಾದರೂ ಗಾಡಿ ಓಡಿಸಿದ್ದೀರಾ? ಅಡುಗೆ ಭಟ್ಟರಿಗೆ ಉಪ್ಪಿಟ್ಟು ಬಡಿಸಿದಷ್ಟೇ ಸುಖ. ನಾನು ಬ್ರೇಕ್ ಒತ್ತುವ ಮುಂಚೆ ಅವರ ಬಲಗಾಲು ಚಾಪೆಯನ್ನು ಒತ್ತುತ್ತಿತ್ತು. ತಿರುವಿನಲ್ಲಿ ಅವರ ಕೈ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿತ್ತು. ನಾನು ಸುಮ್ಮನಿರಬೇಕೋ ಬೇಡವೋ? ಸಿಗ್ನಲ್ಲಿನಲ್ಲಿ ನಿಂತಾಗ ಅವರಂತೆಯೇ ಗಲ್ಲ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಇಲ್ಲದ ಬ್ರೇಕ್ ಒತ್ತಿ ತೋರಿಸಿದೆ. ಅದಿತಿ ಹಿಂದಿನಿಂದ “ದಟ್ಸ್ ಸೋ ಅಜ್ಜ!” ಎಂದು ಕಿರುಚಿದಳು. ಅಜ್ಜನೂ ನಕ್ಕರು. ಮಂಕು ಕಳೆದ ಮೇಲೆ ಬಾಯಿ ಬಿಟ್ಟರು.

ಬಾಯಿ ತುಂಬ ಒಂದೇ ಹೆಸರು: ಇಮಾಮಸಾಬ. ಅವರ ಬಸ್ಸಿನ ಕಂಡಕ್ಟರು. ಹತ್ತೊಂಬತ್ತು ವರ್ಷ ಒಂದೇ ಗಾಡಿ, ಒಂದೇ ರೂಟು.

“ಅರಬೈಲ್ ಘಟ್ಟದಾಗ ಮಂಜು ಬಿದ್ದಾಗ ಎದುರಿಗೆ ಲಾರಿ ಬಂತಂದ್ರ ನಾನ ಹಿಂದಕ್ಕ ತಗೀಬೇಕು. ಒಂದು ಕಡೆ ಗುಡ್ಡ, ಒಂದು ಕಡೆ ಕಂದಕ. ನಾ ಹಿಂದ ತಿರಗಿ ನೋಡತಿದ್ದಿಲ್ಲ ತಮ್ಮಾ. ನೋಡಿ ಏನ್ ಮಾಡೂದು? ಬರೇ ಮಂಜು. ಇಮಾಮಸಾಬ ಹಿಂದ ನಿಂತು ಗಾಡಿ ಬಡೀತಿದ್ದ. ಅವನ ದನಿ ಕೇಳಿ ಕಾಲು ತಾನ ಆಡತಿತ್ತು.” ಎಂದವರೇ ಆ ದನಿಯನ್ನು ತೆಗೆದರು. “ಬರ್ಲಿ ಬರ್ಲಿ ಬರ್ಲಿ… ಹೋಲ್ಡಾನ್!”

ಜಲ್ಲಿಕಲ್ಲಿನ ಮೇಲೆ ಕಬ್ಬಿಣದ ಬಕೆಟ್ಟು ಎಳೆದಂಥ ದನಿ. ‘ಬರ್ಲಿ’ಯಲ್ಲಿ ಲಾಲಿಯ ಹಾಗೆ ತೂಗಿ, ‘ಹೋಲ್ಡಾನ್’ನಲ್ಲಿ ಕತ್ತರಿಸಿಬಿಡುವುದು. ಕಳ್ಳನಿಗೆ ತೆರೆದ ಬಾಗಿಲು ಕಂಡ ಹಾಗಾಯಿತು ನನಗೆ. ಹ್ಯಾಮಿಲ್ಟನ್ ದಾಟುವಷ್ಟರಲ್ಲಿ ಆ ದನಿ ನನ್ನ ಜೇಬಿನಲ್ಲಿತ್ತು.

ಗುಡ್ಡದ ರಸ್ತೆ ಶುರುವಾದಾಗ ಅಜ್ಜ ಕೋಟಿನ ಒಳಜೇಬಿನಿಂದ ಈ ಐದು ರೂಪಾಯಿಯ ನಾಣ್ಯ ತೆಗೆದು ಅಂಗೈಯಲ್ಲಿಟ್ಟುಕೊಂಡರು.

“ಘಟ್ಟದ ಬಾಯಾಗ ಒಂದು ಸಣ್ಣ ಗುಡಿ ಐತಿ. ನಾ ಎಂಜಿನ್ ಬಂದ್ ಮಾಡದ ಕುಂದರತಿದ್ದೆ, ಇಮಾಮಸಾಬ ಇಳದು ಕಾಯಿನ್ ಹಾಕಿ ಬರತಿದ್ದ. ‘ನಮ್ಮ ದೇವರಿಗೆ ನೀ ಯಾಕ ಹಾಕ್ತೀಯೋ ಸಾಬ’ ಅಂದ್ರ, ‘ಬಸ್ಸಿನ್ಯಾಗ ನೀ ಒಬ್ಬನ ಇರತೀಯೇನಲೇ, ನಾನೂ ಇರತೀನಿ’ ಅಂತಿದ್ದ. ತಮ್ಮಾ, ಇಲ್ಲೇ ಎಲ್ಲ್ಯರ ಗುಡಿ ಬಂದ್ರ ಒಂದೀಟು ನಿಲ್ಸು.”

“ಇಲ್ಲಿ ಗುಡಿ ಎಲ್ಲಿ ಅಜ್ಜ? ಪಬ್ಲಿಕ್ ಟಾಯ್ಲೆಟ್ ಬಂದ್ರೆ ನಿಲ್ಲಿಸ್ತೀನಿ” ಎಂದೆ. ನಾನೇ ಮೊದಲು ನಕ್ಕೆ. ಅಜ್ಜ ನಾಣ್ಯವನ್ನು ಒಳಜೇಬಿಗೆ ಹಾಕಿಕೊಂಡರು. ಆಗಲೇ ನಿಲ್ಲಿಸಬೇಕಿತ್ತು. ಗಾಡಿಯನ್ನಲ್ಲದಿದ್ದರೆ ಬಾಯನ್ನಾದರೂ.

ಮೊದಲು ಹೋದದ್ದು ಸರೋವರದ ಬದಿಯ ಹೂತುಹೋದ ಹಳ್ಳಿಗೆ. ಬಹಳ ಹಿಂದೆ ಎದುರಿನ ಗುಡ್ಡ ಒಂದು ರಾತ್ರಿ ಬಾಯಿ ತೆರೆದು ಬೂದಿ, ಬಿಸಿಕೆಸರು ಸುರಿದು ಊರನ್ನೇ ಮುಚ್ಚಿತಂತೆ. ಈಗ ಅಲ್ಲಲ್ಲಿ ಅಗೆದು ತೋರಿಸಿದ್ದಾರೆ: ಸೊಂಟದೆತ್ತರದ ಕಲ್ಲುಗೋಡೆ, ಕಾಳು ಗಡ್ಡೆ ಇಡುತ್ತಿದ್ದ ಕಲ್ಲಿನ ಕೋಣೆ, ತಲೆ ಬಗ್ಗಿಸಿ ನುಗ್ಗಬೇಕಾದ ಹೊಸ್ತಿಲು. ಹೊಸ್ತಿಲ ಮುಂದೆ ಒಲೆಯ ಕಲ್ಲುಗಳು ಹಾಗೇ ಇದ್ದವು, ಮಸಿ ಸಮೇತ. ಜರಿಗಿಡಗಳ ನಡುವೆ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನೋಡಲು ಬಂದ ಎಂಟು ಹತ್ತು ಜನ ಪಿಸುಗುಟ್ಟುತ್ತಿದ್ದರು. ನನಗೆ ಮೌನವೆಂದರೆ ಖಾಲಿ ಗೋಡೆ, ಪೋಸ್ಟರ್ ಅಂಟಿಸಲೇಬೇಕು. ಆ ಹೊಸ್ತಿಲ ಪಕ್ಕ ನಿಂತು, ಕಂಕುಳಲ್ಲಿ ಇಲ್ಲದ ಚೀಲ ಸಿಕ್ಕಿಸಿಕೊಂಡು, ಇಮಾಮಸಾಬನ ದನಿಯಲ್ಲಿ ಕೂಗಿದೆ:

“ಹೂತ ಹಳ್ಳಿ, ಹೂತ ಹಳ್ಳಿ! ಯಾರ್ರೀ ಇಳಿಯೋರು? ಕಡೀ ಸ್ಟಾಪು, ಎಲ್ಲಾರೂ ಇಳೀರಿ!”

ದನಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಮೈ ಜುಮ್ಮೆಂದಿತು. ಅಜ್ಜ ಗಕ್ಕನೆ ತಿರುಗಿದರು. ಒಂದು ಕ್ಷಣ ಅವರ ಮುಖದಲ್ಲಿ ಹುಡುಕಾಟವಿತ್ತು. ನನ್ನ ಹಿಂದೆ ಯಾರೋ ಇದ್ದಾರೆಂಬಂತೆ ನೋಡಿದರು. ಆಮೇಲೆ ಅವರ ಕಣ್ಣಿಗೆ ನಾನು ಕಂಡೆ.

“ಏಯ್ ತಮ್ಮಾ. ಅದು ನಿನ್ನ ಆಟದ ಸಾಮಾನೇನು? ಸತ್ತವರ ಊರಾಗ ನಿಂತು ಸತ್ತವನ ದನಿ ತಗೀತಿ? ಇನ್ನೊಮ್ಮಿ ಆ ದನಿ ನಿನ್ನ ಬಾಯಾಗ ಬರಬಾರದು.”

ಸತ್ತವನ? ನಾನು ಆಂಟಿಯ ಕಡೆ ನೋಡಿದೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. “ಹೋದ ತಿಂಗಳು ಹೋಗಿಬಿಟ್ರು ನೋಡೋ ಇಮಾಮಸಾಬ್ ಕಾಕಾ. ಹಾರ್ಟು. ಟಿಕೆಟ್ ಸಿಗಲಿಲ್ಲ, ಮಣ್ಣಿಗೆ ಹೋಗಾಕ ಆಗ್ಲಿಲ್ಲ ಅಂತ ಅಪ್ಪ ಅವತ್ತಿಂದ ಹಿಂಗ ಆಗ್ಯಾರ. ನಿನಗ ಹೇಳಬೇಕಿತ್ತು, ನಂದ ತಪ್ಪು.”

ಅವರದ್ದು ತಪ್ಪಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ರೊಟ್ಟಿ ಬಿಚ್ಚಿದರು. ಯಾರಿಗೂ ಹಸಿವಿರಲಿಲ್ಲ. ಸಾರಿ ಎಂದು ಕನ್ನಡದಲ್ಲಿ ಹೇಳುವುದು ಹೇಗೆಂದು ಯೋಚಿಸಿದೆ. ನೂರು ಜನರ ದನಿ ಬರುವ ನನಗೆ ಅದೊಂದು ಮಾತಿಗೆ ಯಾರ ದನಿಯೂ ಸಿಗಲಿಲ್ಲ.

ರೊಟೊರುವಾ ಊರೊಳಗಿನ ಉಗಿಯ ಪಾರ್ಕಿಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಅಲ್ಲಿ ನೆಲವೇ ಒಲೆ. ಕೊಳಗಳು ಕೊತಕೊತ ಕುದಿಯುತ್ತವೆ, ಬೂದುಬಣ್ಣದ ಕೆಸರು ಅಂಬಲಿಯ ಹಾಗೆ ಗುಳುಗುಳು ಅನ್ನುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಚಳಿಗೆ ಉಗಿ ದಟ್ಟವಾಗಿ ಎದ್ದು ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ನಡೆಯುವ ದಾರಿಗೆ ಎರಡೂ ಕಡೆ ಮಂಡಿಯೆತ್ತರದ ಮರದ ಬೇಲಿ. ಬೇಲಿಗೆ ‘ದಾಟಬೇಡಿ, ನೆಲ ತೆಳು’ ಎನ್ನುವ ಇಂಗ್ಲಿಷ್ ಫಲಕ. ಅಜ್ಜ ನನ್ನಿಂದ ದೂರ, ಮುಂದೆ ಮುಂದೆ ನಡೆದರು. ನಾನು ಬೇಕೆಂದೇ ಹಿಂದೆ ಉಳಿದೆ. ಆಂಟಿ ಅದಿತಿಯ ಮೂಗಿಗೆ ಕರ್ಚೀಫು ಕಟ್ಟುತ್ತಿದ್ದರು.

ಮೊದಲು ಕಂಡದ್ದು ಬೂಟು. ಬೇಲಿಯ ಬುಡದಲ್ಲಿ, ಗುಡಿಯ ಹೊರಗೆ ಬಿಡುವಂತೆ, ಜೋಡಿಸಿಟ್ಟ ಅಜ್ಜನ ಕಪ್ಪು ಬೂಟು.

ಉಗಿ ಒಂದು ಗಳಿಗೆ ಸರಿಯಿತು. ಬೇಲಿಯಿಂದ ಹನ್ನೆರಡು ಹೆಜ್ಜೆ ಒಳಗೆ, ಸುಣ್ಣದಂತೆ ಬಿಳಿಚಿಕೊಂಡ ನೆಲದ ಮೇಲೆ, ಕಾಲುಚೀಲದಲ್ಲಿ ಅಜ್ಜ ನಿಂತಿದ್ದರು. ಬೆನ್ನು ನಮ್ಮ ಕಡೆ. ಎದುರಿಗೆ ಬುಸುಗುಡುವ ಬಿರುಕು. ಬಗ್ಗಿ ನಾಣ್ಯ ಹಾಕಲು ಬಲಗೈ ಚಾಚಿದ್ದರು. ನಾನು ನಿಲ್ಲಿಸದ ಗಾಡಿಯಿಂದ ಅವರೇ ಇಳಿದು ಹೋಗಿದ್ದರು, ಇಮಾಮಸಾಬನ ಕೆಲಸ ಮಾಡಲು.

“ಅಪ್ಪಾ!” ಆಂಟಿ ಕಿರುಚಿದರು.

ಅಜ್ಜ ತಿರುಗಲು ಎಡಗಾಲು ಪಕ್ಕಕ್ಕಿಟ್ಟರು. ಹಪ್ಪಳ ಮುರಿದ ಸದ್ದು. ಕಾಲು ಹರಡಿನವರೆಗೆ ಇಳಿಯಿತು, ಅಲ್ಲಿಂದ ಉಗಿ ಎದ್ದಿತು. ಅವರು ‘ಹಾ’ ಎಂದು ಕಾಲು ಕಿತ್ತು, ಸಮತೋಲನಕ್ಕೆ ಇನ್ನೊಂದು ಕಡೆ ವಾಲಿದರು. ಮಗುವಿನ ಗಾಡಿ ತಳ್ಳುತ್ತಿದ್ದ ಹೆಂಗಸೊಬ್ಬಳು “ಮೇಟ್, ಡೋಂಟ್ ಮೂವ್!” ಎಂದಳು. ಅದು ಅಜ್ಜನಿಗೆ ತಿಳಿಯುವ ಭಾಷೆಯಲ್ಲ. ಆಂಟಿ ಬೇಲಿ ದಾಟಲು ಕಾಲೆತ್ತಿದ್ದರು. ನಾನು ಜಾಕೆಟ್ಟು ಹಿಡಿದು ಎಳೆದೆ. ಒಬ್ಬರ ತೂಕಕ್ಕೆ ಮುರಿಯುವ ನೆಲ ಇಬ್ಬರನ್ನು ಹೊರುತ್ತದೆಯೇ?

“ಅಜ್ಜಾ, ಅಲ್ಲಾಡ್ಬೇಡಿ! ಹಾಗೇ ನಿಂತ್ಕೊಳಿ!” ನನ್ನ ದನಿಯಲ್ಲಿ ಕೂಗಿದೆ.

“ನೀ ಸುಮ್ಮನಿರು!” ಎಂದರು, ಕಾಲು ಎಲ್ಲಿಡುವುದೆಂದು ತಡಕಾಡುತ್ತಾ. ಕಾಲು ಬಿರುಕಿನ ಕಡೆಗೇ ಹೋಗುತ್ತಿತ್ತು. ಉಗಿ ಮತ್ತೆ ಮುಚ್ಚಿಕೊಳ್ಳತೊಡಗಿತು.

ಯೋಚಿಸಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಬಗ್ಗಿ ಅಂಗೈಯಿಂದ ಬೇಲಿಯ ಹಲಗೆಗೆ ಫಟ್ ಎಂದು ಒಂದೇ ಏಟು ಹೊಡೆದೆ.

“ಹೋಲ್ಡಾನ್!”

ಅಜ್ಜನ ದೇಹ ನಿಂತಿತು. ಅಜ್ಜ ನಿಂತರು ಎನ್ನಲಾರೆ. ಬಲಗಾಲು ನೆಲಕ್ಕೆ ಒತ್ತಿಕೊಂಡು, ಮೈಯೆಲ್ಲ ಬಿಗಿದು, ದೇಹ ನಿಂತಿತು. ಎರಡೂ ಕೈ ಎದೆಯ ಮುಂದೆ ತಾವಾಗಿ ಮೇಲೆದ್ದವು, ದೊಡ್ಡ ಚಕ್ರ ಹಿಡಿದವರಂತೆ.

“ಹಿಂದ ನೋಡಬ್ಯಾಡಲೇ ಈರ್ಯಾ. ಗಾಡಿ ಹಿಂದಕ ತಗೋ. ಬಲಕ್ಕ ಒಂದೀಟ ಕಟ್ ಮಾಡು… ಹಾಂ. ಬರ್ಲಿ.”

‘ಈರ್ಯಾ’ ಎಲ್ಲಿಂದ ಬಂತೋ ಗೊತ್ತಿಲ್ಲ. ಅಜ್ಜ ಅದನ್ನು ಹೇಳಿರಲಿಲ್ಲ. ಬಲಗಾಲು ಹಿಂದೆ ಬಂತು. ಬಿಳಿನೆಲದ ಮೇಲೆ ಅವರು ಹೋಗುವಾಗ ಮೂಡಿದ್ದ ಹೆಜ್ಜೆಗಳಿದ್ದವು. ಹೋಗುವಾಗ ತಡೆದ ನೆಲ ಬರುವಾಗಲೂ ತಡೆಯಬೇಕು. ಆ ಹೆಜ್ಜೆಗಳ ಮೇಲೆಯೇ ಬರಬೇಕು.

“ಬರ್ಲಿ… ಬರ್ಲಿ…”

ಆಗ ನನಗೊಂದು ಭಯ ಹತ್ತಿತು. ಇಷ್ಟು ವರ್ಷ ಯಾರ ದನಿ ತೆಗೆದಾಗಲೂ ನನ್ನ ಕಣ್ಣು ನೋಡುವವರ ಮುಖದ ಮೇಲಿರುತ್ತಿತ್ತು. ನಕ್ಕರೋ ಇಲ್ಲವೋ ಎಂದು. ಇಮಾಮಸಾಬ ಆ ದನಿ ತೆಗೆಯುವಾಗ ಏನು ನೋಡುತ್ತಿದ್ದ? ಚಕ್ರ ನೋಡುತ್ತಿದ್ದ, ಕಂದಕ ನೋಡುತ್ತಿದ್ದ. ದನಿ ಕದ್ದು ತಂದಿದ್ದೆ, ಕಣ್ಣು ತಂದಿರಲಿಲ್ಲ. ಅದು ನನ್ನದೇ ಆಗಬೇಕಿತ್ತು. ಅಜ್ಜನ ಹಿಮ್ಮಡಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ರೆಪ್ಪೆ ಬಡಿಯಲಿಲ್ಲ.

“ಎಡಕ್ಕ… ಸಾಕು ಸಾಕು. ಹೋಲ್ಡಾನ್. ಬಲಗಾಲು ಮೊದಲ. ಬರ್ಲಿ.”

ಏಳನೆಯ ಹೆಜ್ಜೆಯಲ್ಲಿ ಉಗಿ ಬಂದು ಪೂರ್ತಿ ಮುಚ್ಚಿತು. ಕಾಲು ಕಾಣಲಿಲ್ಲ, ಅಜ್ಜನೂ ಕಾಣಲಿಲ್ಲ. “ಹೋಲ್ಡಾನ್” ಎಂದೆ. ಕಾದೆ. ಪಕ್ಕದಲ್ಲಿ ಅದಿತಿ ಅಳುತ್ತಿರಲಿಲ್ಲ. ನನ್ನ ಜೇಬಿನ ಅಂಚು ಹಿಡಿದು ಹಿಂಡುತ್ತಿದ್ದಳು. ಉಗಿಯೊಳಗಿಂದ ಅಜ್ಜನ ದನಿ, ಸಣ್ಣಗೆ:

“ಸಾಬ… ಅದೀಯೇನೋ?”

ಆಂಟಿ ಬಾಯಿಗೆ ಕೈ ಒತ್ತಿಕೊಂಡರು. ಏನು ಹೇಳಲಿ? ಹೌದೆಂದರೆ ಸುಳ್ಳು, ಇಲ್ಲವೆಂದರೆ ಅವರು ತಿರುಗಿ ನೋಡುತ್ತಾರೆ.

“ಬಸ್ಸಿನ್ಯಾಗ ನೀ ಒಬ್ಬನ ಇರತೀಯೇನಲೇ” ಎಂದೆ.

ಗಾಳಿ ಬೀಸಿತು. ಹಿಮ್ಮಡಿ ಕಂಡಿತು. ಬರ್ಲಿ, ಬರ್ಲಿ, ಬರ್ಲಿ. ಅವರ ಮೀನಖಂಡ ಬೇಲಿಗೆ ತಾಗಿದಾಗ ಆಂಟಿಯೂ ನಾನೂ ಎರಡು ಕಂಕುಳಿಗೆ ಕೈ ಹಾಕಿ, ಮೂಟೆ ಎತ್ತುವಂತೆ ಎತ್ತಿ ಈಚೆ ಇಳಿಸಿದೆವು. ನಾಣ್ಯ ಮುಷ್ಟಿಯಲ್ಲೇ ಇತ್ತು.

ರೇಣುಕಾ ಆಂಟಿ ಅಳಲಿಲ್ಲ. ಪಾರ್ಕಿನ ನಲ್ಲಿಯಡಿ ಅಪ್ಪನ ಪಾದ ಹಿಡಿದು, ಇಪ್ಪತ್ತು ನಿಮಿಷ ಗಡಿಯಾರ ನೋಡುತ್ತಾ ತಣ್ಣೀರು ಬಿಟ್ಟರು. ಉಣ್ಣೆಯ ಕಾಲುಚೀಲ ದಪ್ಪಗಿದ್ದದ್ದು ಪುಣ್ಯ. ಹರಡಿನ ಸುತ್ತ ಕೆಂಪಗೆ ಬೆಂದಿತ್ತು, ಎರಡು ಗುಳ್ಳೆ ಎದ್ದಿದ್ದವು. “ಬುದ್ಧಿ ಐತೇನಪ್ಪಾ ನಿನಗ? ಬೇಲಿ ಕಾಣಲಿಲ್ಲೇನು?” ಎಂದು ಅಷ್ಟೂ ಹೊತ್ತು ಬೈದರು. ಅಜ್ಜ ಒಂದೇ ಮಾತು ಹೇಳಿದ್ದು: “ದೊಡ್ಡ ದೇವರಿಗೂ ಸಣ್ಣ ಬೇಲಿ ಹಾಕಿರತಾರವ್ವ. ನಾ ಏನ್ ತಿಳಕೊಳ್ಳಲಿ.” ನನ್ನ ಮುಖವನ್ನು ಮಾತ್ರ ನೋಡಲಿಲ್ಲ. ಎರಡನೆಯ ಸಲ ಅವರು ಬೇಡವೆಂದದ್ದನ್ನು ಮಾಡಿದ್ದೆ. ಬದುಕಿಸಿದೆ ಎಂಬ ಗರ್ವ ನನಗಿರಲಿಲ್ಲ; ಸಿಕ್ಕಿಬಿದ್ದ ಕಳ್ಳನ ಎದೆಬಡಿತವಿತ್ತು.

ಪಾರ್ಕಿಂಗಿನಲ್ಲಿ ಇನ್ನೊಂದು ಪಜೀತಿ. ನನ್ನ ಕಾರಿನ ಎಡಕ್ಕೊಂದು ಯೂಟ್ ಎನ್ನುವ ತೆರೆದ ಬೆನ್ನಿನ ಸಣ್ಣ ಟ್ರಕ್ಕು, ಬಲಕ್ಕೊಂದು ಯೂಟ್, ಹಿಂದೆ ಅರ್ಧ ಅಡ್ಡಲಾಗಿ ಮನೆಯಂಥದೊಂದು ಕ್ಯಾಂಪರ್‌ವ್ಯಾನ್. ಕೀಲಿ ತಿರುಗಿಸಿದೆ, ರಿವರ್ಸ್ ಹಾಕಿದೆ. ಕ್ಯಾಮರಾದಲ್ಲಿ ಬರೀ ಉಗಿಯ ತೇವ. ಕ್ಲಚ್ಚಿನ ಮೇಲೆ ಕಾಲು ಥರಥರ ಕುಣಿಯಿತು. ಕಾರು ಒಮ್ಮೆ ಹಾರಿ ನಿಂತಿತು. ಮತ್ತೆ ಹಾರಿ ನಿಂತಿತು. ದಿನವಿಡೀ ಇಲ್ಲದ ಬ್ರೇಕ್ ಒತ್ತಿದ್ದ ಅಜ್ಜ ಈಗ ಸುಮ್ಮನೆ ಕುಳಿತು ನನ್ನ ಕಾಲನ್ನು ನೋಡುತ್ತಿದ್ದರು. ಆಮೇಲೆ ಬಾಗಿಲು ತೆಗೆದು ಇಳಿದರು.

“ಅಪ್ಪಾ, ಕಾಲು!” ಎಂದರು ಆಂಟಿ.

ಅಜ್ಜ ಕುಂಟುತ್ತಾ ಹಿಂದೆ ಹೋದರು. ಕನ್ನಡಿಯಲ್ಲಿ ಅವರ ಕೋಟು ಮಾತ್ರ ಕಾಣುತ್ತಿತ್ತು. ಡಿಕ್ಕಿಯ ಮೇಲೆ ಅಂಗೈಯ ಎರಡು ಏಟು ಬಿತ್ತು.

“ಬರ್ಲಿ ಬರ್ಲಿ ಬರ್ಲಿ…”

ನನ್ನ ನಕಲು ಎಷ್ಟು ಕಳಪೆಯೆಂದು ಆಗ ಗೊತ್ತಾಯಿತು. ನಾನು ಜಲ್ಲಿಕಲ್ಲನ್ನು ಕದ್ದಿದ್ದೆ, ಕಬ್ಬಿಣವನ್ನು ಕದ್ದಿದ್ದೆ. ಅದರೊಳಗೆ ‘ಹೆದರಬ್ಯಾಡ, ನಾ ನೋಡಾಕತ್ತೀನಿ’ ಎನ್ನುವುದೊಂದಿತ್ತಲ್ಲ, ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಕಾಲಿನ ನಡುಕ ನಿಂತಿತು. ಕ್ಯಾಮರಾ ನೋಡಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ. ಬರ್ಲಿ ಎಂದಷ್ಟು ಬಂದೆ, ಹೋಲ್ಡಾನ್ ಎಂದಲ್ಲಿ ನಿಂತೆ.

ಅಜ್ಜ ಬಂದು ಕುಳಿತು ಬಾಗಿಲು ಹಾಕಿಕೊಂಡರು. ಮುಷ್ಟಿ ಬಿಚ್ಚಿ, ನಾಣ್ಯವನ್ನು ಗೇರಿನ ಪಕ್ಕದ ಗುಳಿಯಲ್ಲಿಟ್ಟರು.

“ಅವನ ಹೆಸರಿಂದು. ಗಾಡ್ಯಾಗ ಇರ್ಲಿ.” ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತಾ, “ಅಂವ ನನಗ ಈರ್ಯಾ ಅಂತಿದ್ದ. ನಿನಗ್ಯಾರು ಹೇಳಿದ್ರು?”

“ಯಾರೂ ಇಲ್ಲ ಅಜ್ಜ.”

“ಹೂಂ” ಎಂದರು. ಆಮೇಲೆ ಮುಂದಿನ ರಸ್ತೆ ನೋಡುತ್ತಾ, “ರೈಟ್” ಎಂದರು.

ಹೆಂಡರ್ಸನ್ ಬರುವವರೆಗೆ ಅವರ ಬಲಗಾಲು ಒಮ್ಮೆಯೂ ಚಾಪೆ ಒತ್ತಲಿಲ್ಲ. ಅರ್ಧ ದಾರಿಯಲ್ಲಿ ನಿದ್ದೆಹೋದರು.

ಯುಗಾದಿಗೆ ಈಗಲೂ ನಾನು ಮೈಕು ಹಿಡಿಯುತ್ತೇನೆ. ಬಡ್ಡಿದರದ ಅಂಕಲ್ ಇದ್ದಾರೆ, ಅಮ್ಮನ ಹಣೆ ಇದೆ. ಅದಿತಿ ಮುಂದಿನ ಸಾಲಿನಲ್ಲಿ ಕೂರುತ್ತಾಳೆ, “ಡೂ ದ ಕಂಡಕ್ಟರ್!” ಎಂದು ಅವಳಿಂದ ಕಥೆ ಕೇಳಿದ ಗೆಳತಿಯರು ಕೂಗಿದಾಗ ಅವಳೇ “ಶ್, ಹಿ ಡಸಂಟ್ ಡೂ ದಟ್ ಒನ್” ಎಂದು ಬಾಯಿ ಮುಚ್ಚಿಸುತ್ತಾಳೆ.

ಅಗೋ, ಸಮೋವನ್ ಅಣ್ಣ ಬೀಗದ ಕೈ ಸಿಕ್ಕಿತೆಂದು ಬಂದ. ಯಂತ್ರದ ಹೊಟ್ಟೆ ತೆರೆದ. ಮೊಣಕೈವರೆಗೆ ಕೈ ಹಾಕಿದೆ; ಹೆಂಡರ್ಸನ್ನಿನ ಸಮಸ್ತರ ಕೂದಲು, ಚಿಪ್ಸು, ನಾಯಿರೋಮ ಕೈಗೆ ಬಂದವು. ಅವನೂ ಮಂಡಿಯೂರಿ ಇನ್ನೊಂದು ಕಡೆಯಿಂದ ಕೈ ಹಾಕಿದ. ಅವನ ಕೈಗೇ ಸಿಕ್ಕಿತು. ಒರೆಸಿ, ಎರಡೂ ಬದಿ ತಿರುಗಿಸಿ ನೋಡಿ ಕೊಟ್ಟ. “ಯಾರದು?” ಎಂದ. ಎಷ್ಟರದು ಎಂದು ಕೇಳಲಿಲ್ಲ.

“ಒಬ್ಬ ಬಸ್ ಕಂಡಕ್ಟರದು. ನಾನು ನೋಡಿಲ್ಲ.”

ಹೊರಡುವಾಗ ಹಿಂದೆ ಗ್ಯಾಸ್ ಸಿಲಿಂಡರಿನ ಪಂಜರ, ಪಕ್ಕದಲ್ಲಿ ಟ್ರೇಲರು. ಅವನು ಹಿಂದೆ ಹೋಗಿ ನಿಂತು ಎರಡೂ ಕೈ ಬೀಸಿದ. “ಕಮಾನ್, ಕಮಾನ್, ಯು ಆರ್ ಗುಡ್, ಯು ಆರ್ ಗುಡ್… ವೋಓ!” ಎಂದು ಎದೆಯಾಳದಿಂದ ಕೂಗಿ, ಡಿಕ್ಕಿಯ ಮೇಲೆ ಅಂಗೈ ತಟ್ಟಿದ. ಎಂಥ ದನಿ ಅಂತೀರಿ! ನನ್ನ ನಾಲಿಗೆ ಆಗಲೇ ತುರಿಸಿತು; ಆ ‘ವೋಓ’ದ ಕೊನೆಯ ಎಳೆತ ಹಿಡಿಯಲು ಎರಡು ನಿಮಿಷ ಸಾಕಾಗಿತ್ತು.

ಆ ದನಿಯನ್ನು ಅವನಿಗೇ ಬಿಟ್ಟುಬಿಟ್ಟೆ. ನಾಣ್ಯವನ್ನು ಗುಳಿಯಲ್ಲಿಟ್ಟು, ಕಿಟಕಿಯಿಂದ ಕೈ ಎತ್ತಿ, ಅವನು ಹೇಳಿದಷ್ಟು ಹಿಂದೆ ಬಂದೆ.